ಆನೆಮೋಟಾರು

ಹತ್ತಿ ಗಿರಣಿಯ ಫಿಟ್ಟರ್ ಗುಲಾಬಸಾಬನ ಬಲಗೈಯ ತೋರುಬೆರಳು, ನಡುಬೆರಳು ಅರ್ಧರ್ಧ ಹೋಗಿ ಮೂರು ತಿಂಗಳಾಗಿತ್ತು. ತಪ್ಪು ಅವನದೇ, ಯಂತ್ರ ತಿರುಗಿಸುವ ಪಟ್ಟಾಕ್ಕೆ ಅವಸರದಲ್ಲಿ ಕೈ ಹಾಕಿದ್ದ. ಗಾಯವೇನೋ ಮಾಯಿತು, ಕೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಮೇಸ್ತ್ರಿ ಗೋವಿಂದಪ್ಪ ಒಳ್ಳೆಯವನು, ಆದರೆ ಖಡಾಖಂಡಿತದ ಮನುಷ್ಯ.

"ದಸರಾದೊಳಗ ಬಾ. ನನ್ನ ಕಣ್ಣೆದುರು ಒಂದ್ ಯಂತ್ರ ಬಿಚ್ಚಿ ಜೋಡಿಸು. ಆತಂದ್ರ ನಿನ್ನ ಜಾಗಾ ನಿಂದ. ಇಲ್ಲಂದ್ರ ಬ್ಯಾರೆ ಫಿಟ್ಟರ್‌ನ ನೋಡಬೇಕಾಗತೈತಿ."

ಗುಲಾಬಸಾಬ ಹಳೇ ಹುಬ್ಬಳ್ಳಿಯ ತನ್ನ ಮನೆಯ ಕಟ್ಟೆಯ ಮೇಲೆ ಕೈಕಟ್ಟಿ ಕೂತುಬಿಟ್ಟ. ಕೈ ಕೆಟ್ಟಿತೆಂದು ಕೂತನೋ, ಕೂತಿದ್ದಕ್ಕೇ ಕೈ ಕೆಟ್ಟಿತೋ, ದೇವರೇ ಬಲ್ಲ. ಹೆಂಡತಿ ಅಬೀದಾ ಹೇಳಿ ಹೇಳಿ ಸಾಕಾದಳು.

ಪಕ್ಕದ ಮನೆಯ ಶೇವಂತೆವ್ವ ಕೌದಿ ಹೊಲಿಯುವ ಮುದುಕಿ. ಒಂದು ಮುಂಜಾನೆ ಬಂದು ತಗಡಿನ ಡಬ್ಬಿಯೊಂದನ್ನು ಅವನ ಮುಂದೆ ಸುರುವಿದಳು. ವಿಲಾಯತಿಗೆ ಮರಳುತ್ತಿದ್ದ ಇಂಗ್ಲಿಷ್ ಮಡಮ್ಮನೊಬ್ಬಳು ಕೌದಿ ಮೆಚ್ಚಿ ಕೊಟ್ಟುಹೋದ ಮಕ್ಕಳ ಆಟಿಗೆ: ತೂತು ಕೊರೆದ ಕಬ್ಬಿಣದ ಪಟ್ಟಿಗಳು, ಪುಟ್ಟ ಗಾಲಿಗಳು, ನಟ್ಟು ಬೋಲ್ಟುಗಳು. ಅರ್ಧ ಸಾಮಾನು ಆನೆಯದು, ಅರ್ಧ ಮೋಟಾರು ಗಾಡಿಯದು. ಪೂರ್ತಿ ಯಾವುದೂ ಇರಲಿಲ್ಲ.

"ಮಗಾ ಸೊಸಿ ಗದಗಿನಿಂದ ಹಬ್ಬಕ್ಕ ಬರ್ತಾರ. ಮೊಮ್ಮಗಳಿಗೆ ಏನರ ಮಾಡಿಕೊಡಪಾ."

"ಈ ಕೈಲೆ ಏನ್ ಮಾಡ್ಲಿ ಯವ್ವಾ? ನೀವs ನೋಡ್ರಿ."

"ನೋಡೇನಿ. ಇನ್ನಾ ಮೂರು ಬೆರಳು ಅದಾವಲ್ಲ" ಎಂದವಳೇ ಎದ್ದು ಹೋದಳು.

ಹಿರಿಯಳ ಮಾತು, ತೆಗೆದುಹಾಕುವುದು ಹೇಗೆ? ಗುಲಾಬಸಾಬ ಮಗಳು ನಜ್ಮಾಳ ಪಾಟಿಯ ಮೇಲೆ ಎಡಗೈಯಿಂದ ಗೀಚತೊಡಗಿದ. ಆನೆಗೆ ಸೊಂಡಿಲಿತ್ತು, ಮುಂಗಾಲಿದ್ದವು, ಹಿಂಭಾಗವಿರಲಿಲ್ಲ. ಮೋಟಾರಿಗೆ ಹಿಂದಿನ ಗಾಲಿಗಳಿದ್ದವು, ಮೂತಿಯೇ ಇರಲಿಲ್ಲ. ಸರಿ, ಮುಂದೆ ಆನೆ, ಹಿಂದೆ ಮೋಟಾರು! ಪಾಟಿ ನೋಡಿ ನಜ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಮೂರು ತಿಂಗಳಾಗಿತ್ತು.

ಗೀಚುವುದು ಸುಲಭ, ಜೋಡಿಸುವುದು ಹರಸಾಹಸ. ತೊಗರಿ ಕಾಳಿನಷ್ಟು ನಟ್ಟು, ಹಿಡಿದರೆ ಜಾರಿ ಉರುಳುತ್ತಿತ್ತು. ಹಾಗಾಗಿ ಸಿಕ್ಕ ಒಂದೊಂದನ್ನೂ ಎಲ್ಲಿ ಬಿದ್ದೀತೋ ಎಂದು ಅಲ್ಲೇ ಗಟ್ಟಿಯಾಗಿ ಬಿಗಿದ. ಎಂಟನೆಯ ದಿನ ಆನೆಯ ಸೊಂಟ, ಮೋಟಾರಿನ ಕುತ್ತಿಗೆ ಎದುರುಬದುರಾದಾಗ ತೂತಿಗೆ ತೂತು ಕೂಡಲೇ ಇಲ್ಲ. ಎಳೆದ, ಒತ್ತಿದ, ಬೆವರಿದ. ಕಡೆಗೆ ಎಲ್ಲವನ್ನೂ ದೂರ ಸರಿಸಿದ.

"ಮುಗೀತು. ಇದs ಆಗವಲ್ದು, ಗಿರಣ್ಯಾಗ ಏನ್ ಮಾಡ್ಲಿ?"

ಕೌದಿ ಹಿಡಿದು ಅಲ್ಲೇ ಕೂತಿದ್ದ ಶೇವಂತೆವ್ವ ಸೂಜಿ ನಿಲ್ಲಿಸಿದಳು. "ಏ ಗುಲಾಬಸಾಬಾ, ಮೊದಲನೇ ತುಂಡs ಬಿಗಿ ಹೊಲದ್ರ ಕೌದ್ಯಾಗ ಕಡೀ ತುಂಡು ಕೂಡತೈತೇನು? ಮೊದಲ ಎಲ್ಲಾನೂ ಸಡ್ಲ ಟಾಕಾ ಹಾಕೂದು, ಆಮ್ಯಾಲೆ ಬಿಗಿ ಹೊಲಿಯೂದು."

ಗುಲಾಬಸಾಬ ನಾಚಿ ನೀರಾದ. ಗಿರಣಿಗೆ ಬಂದ ಪ್ರತಿ ಹೊಸಬನಿಗೂ ಇಪ್ಪತ್ತು ವರ್ಷ ಅವನು ಕಲಿಸಿದ ಮೊದಲ ಪಾಠವೇ ಇದು: ಎಲ್ಲ ನಟ್ಟು ಸಡಿಲವಾಗಿ ಕೂರಲಿ, ಬಿಗಿಯುವುದು ಕಡೆಗೆ. ಪಾಠ ಮರೆತಿರಲಿಲ್ಲ, ಅಂಜಿಕೆ ಅದನ್ನು ನುಂಗಿತ್ತು. ಎಲ್ಲ ಬಿಚ್ಚಿ ಮತ್ತೆ ಕೂತ. ಹೆಬ್ಬೆರಳು, ಉಂಗುರಬೆರಳು ನಿಧಾನಕ್ಕೆ ಜೋಡಿಯಾದವು. ಆನೆಮೋಟಾರು ಕಟ್ಟೆಯ ಈ ತುದಿಯಿಂದ ಆ ತುದಿಗೆ ಉರುಳಿತು.

ಹಬ್ಬದ ಹಿಂದಿನ ದಿನ ಅವನು ಗಿರಣಿಗೆ ಹೋಗಿ, ಗೋವಿಂದಪ್ಪನ ಕಣ್ಣೆದುರೇ ಯಂತ್ರ ಬಿಚ್ಚಿ ಜೋಡಿಸಿದ. ಹೊತ್ತು ಹಿಡಿಯಿತು, ಆದರೆ ಒಂದು ನಟ್ಟೂ ಕೈಜಾರಲಿಲ್ಲ. ಗೋವಿಂದಪ್ಪ ಗಾಲಿ ತಿರುಗಿಸಿ ನೋಡಿ, "ಹಬ್ಬಾ ಮುಗಿಸಿಕೊಂಡು ಬಾ, ಕೆಲಸಾ ಭಾಳ ಐತಿ" ಎಂದ.

ಅಲ್ಲಿಂದ ಓಡಿಬಂದವನೇ ಆಟಿಗೆ ಎತ್ತಿಕೊಂಡು ಶೇವಂತೆವ್ವನ ಮನೆಗೆ ನುಗ್ಗಿದ. ಗದಗಿನವರು ಬಂದಿದ್ದರು. ತೊಟ್ಟಿಲಲ್ಲಿ ಮೂರು ತಿಂಗಳ ಕೂಸು ಮಲಗಿತ್ತು.

"ಯವ್ವಾ, ಇದಕ್ಕಿನ್ನಾ ಹಲ್ಲs ಬಂದಿಲ್ಲ! ಇದಕ್ಕ ನಟ್ಟು ಬೋಲ್ಟಿನ ಆಟಿಗಿ ಯಾಕ್ರಿ?"

"ಹೌದಪಾ, ನುಂಗೇ ಬಿಡತೈತಿ. ನಜ್ಮಾಗ ಕೊಡು."

"ಮತ್ತ ಮೊಮ್ಮಗಳಿಗಂತ ಯಾಕ ಹೇಳಿದ್ರಿ?"

"ನಿನ್ನ ಕೈ ಸಲುವಾಗಿ ಅಂದಿದ್ರ ನೀ ಮುಟ್ಟತಿದ್ದೇನು?"

ಗುಲಾಬಸಾಬನ ಕಣ್ಣು ತುಂಬಿ ಬಂದವು. "ನಿಮ್ಮ ಉಪಕಾರ ಸತ್ತರೂ ಮರಿಯಂಗಿಲ್ರಿ ಯವ್ವಾ" ಎಂದು ಕಾಲು ಮುಟ್ಟಲು ಬಾಗಿದ. ಮುದುಕಿ ಅವನನ್ನು ತಡೆದು, ಆ ಬಲಗೈ ಹಿಡಿದೆತ್ತಿ ಕೂಸಿನ ತಲೆಯ ಮೇಲೆ ಇಟ್ಟಳು.

"ದುಡಿಯೂ ಕೈ ಇದು. ಆಶೀರ್ವಾದ ಮಾಡು."