ಕೆಂಪು ಕಾರ್ಡು

ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಎಮ್ಲಿನ್‌ನ ಜೊತೆ ಒಂದು ವಾರ ಇದ್ದು ನೋಡಬೇಕಿತ್ತು. ನಲವತ್ತೊಂಬತ್ತು ವರ್ಷದ ತಮ್ಮ. ಹುಟ್ಟಿನಿಂದ ಬುದ್ಧಿ ನಿಧಾನ, ಬಾಯಿ ಮಾತ್ರ ಚುರುಕು. ಆ ಬಾಯಿ ಫೆಬ್ರವರಿಯಲ್ಲಿ ಮುಚ್ಚಿದ್ದು ತೆರೆಯಲೇ ಇಲ್ಲ.

ಕಾರಣ ಅಕ್ಕ ಗ್ಲೆನಿಸ್‌ಗೆ ಗೊತ್ತಿತ್ತು. ದಿನವೂ ಎಮ್ಲಿನ್‌ನನ್ನು ಹಗಲಿನ ಆರೈಕೆ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದ ವ್ಯಾನಿನಲ್ಲಿ ಇಪ್ಪತ್ತೆರಡು ವರ್ಷ ಅವನ ಪಕ್ಕ ಕೂತಿದ್ದ ಗೆಳೆಯ ಐವರ್ ತೀರಿಕೊಂಡಿದ್ದ. ಅಂತ್ಯಕ್ರಿಯೆಗೆ ಎಮ್ಲಿನ್‌ನನ್ನು ಕರೆತರಬೇಡಿ, ಅವನಿಗೆ ಅರ್ಥವಾಗುವುದಿಲ್ಲ ಎಂದರು ಕೇಂದ್ರದವರು. ಗ್ಲೆನಿಸ್ ಕೂಡ ಹೂಂ ಎಂದಳು. ಅಂದಿನಿಂದ ಅವನು ಅರ್ಧ ತಟ್ಟೆ ಹಾಗೇ ಬಿಟ್ಟು ಏಳುತ್ತಿದ್ದ, ಟಿವಿಯಲ್ಲಿ ಅವನಿಗೆ ಪ್ರಾಣವಾಗಿದ್ದ ರಗ್ಬಿ ಆಟ ಬಂದರೂ ಎದ್ದು ಹೋಗುತ್ತಿದ್ದ. ಊರಿನ ಡಾಕ್ಟರನ್ನು ಕೇಳಿದರೆ, “ಅಂಥವರ ಸ್ವಭಾವಾನೇ ಹಾಗಲ್ವಾ?” ಎಂದು ಮುಂದಿನ ರೋಗಿಯನ್ನು ಕರೆದರು. ಮನಸ್ಸಿನ ಡಾಕ್ಟರ ಬಳಿ ಒಮ್ಮೆ ತೋರಿಸಬೇಕು ಎಂಬುದೊಂದೇ ಅವಳ ಹಟವಾಯಿತು.

ಬೇಸಿಗೆಯಲ್ಲಿ ಕೆರಿಸ್ ಎಂಬ ಹುಡುಗಿ ಮನೆಗೆ ಬಂದಳು. ಒಂದು ವಿಶ್ವವಿದ್ಯಾಲಯ, ಒಂದು ಸೇವಾಸಂಸ್ಥೆ, ಆ ಕಣಿವೆಯ ಊರುಗಳ ಸರ್ಕಾರಿ ಆರೋಗ್ಯ ಮಂಡಳಿ, ಮೂರೂ ಕಡೆಯವರು ಕೈಜೋಡಿಸಿ ಎಮ್ಲಿನ್‌ನಂಥವರ ಖಿನ್ನತೆಯ ಬಗ್ಗೆ ಸಂಶೋಧನೆ ಮಾಡುತ್ತಾರಂತೆ. ಅವಳು ಸೇವಾಸಂಸ್ಥೆಯವಳು.

“ಎಮ್ಲಿನ್ ನಮ್ಮ ಸಲಹೆಗಾರರಾಗಿರ್ತಾರೆ,” ಎಂದಳು.

“ಸಲಹೆ ಇರ್ಲಿ ಕಣಮ್ಮ. ಮನಸ್ಸಿನ ಡಾಕ್ಟರ್ ನೋಡ್ತಾರಾ ಇವನನ್ನ?”

“ಅದು ಬೇರೆ ವಿಭಾಗ. ಆದ್ರೆ ಮಂಡಳಿಯವರೂ ನಮ್ಮ ಜೊತೆಗಿದಾರಲ್ಲ, ಅವರ ಕಿವಿಗೆ ನಾನೊಂದು ಮಾತು ಹಾಕ್ತೀನಿ.”

ಆ ಒಂದು ಮಾತನ್ನು ನೆಚ್ಚಿಕೊಂಡು ಗ್ಲೆನಿಸ್ ತಮ್ಮನನ್ನು ಸಭೆಗಳಿಗೆ ಕರೆದೊಯ್ದಳು. ಅಲ್ಲೊಂದು ಪದ್ಧತಿಯಿತ್ತು. ಒಬ್ಬೊಬ್ಬರಿಗೂ ಮೂರು ಕಾರ್ಡು. ಹಸಿರು ಎತ್ತಿದರೆ ಒಪ್ಪಿಗೆ. ಹಳದಿ ಎತ್ತಿದರೆ ನಾನು ಮಾತಾಡಬೇಕು. ಕೆಂಪು ಎತ್ತಿದರೆ ನಿಲ್ಲಿಸಿ. ಕೆಂಪು ಕಂಡರೆ ಪ್ರೊಫೆಸರ್ ಆದರೂ ಬಾಯಿ ಮುಚ್ಚಬೇಕು. ಅವಳಿಗೆ ಇದು ಬಹಳ ಹಿಡಿಸಿತು. ಎಮ್ಲಿನ್‌ಗೋಸ್ಕರ ಯಾರಾದರೂ ಮಾತು ನಿಲ್ಲಿಸಿದ್ದನ್ನು ಅವನು ಹುಟ್ಟಿದಾಗಿನಿಂದ ಅವಳು ಕಂಡಿರಲಿಲ್ಲ.

ಸೆಪ್ಟೆಂಬರಿನಲ್ಲಿ ಸಂಶೋಧನೆಯ ಉದ್ಘಾಟನೆ. ಊರಿನ ಪುಟ್ಟ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಮೂರು ಸಂಸ್ಥೆಗಳ ಗುರುತಿದ್ದ ದೊಡ್ಡ ಹಸಿರು ಬ್ಯಾನರು, ಟೀ, ಒಣದ್ರಾಕ್ಷಿ ಹಾಕಿದ ಪುಟ್ಟ ಕೇಕುಗಳು. ಪ್ರೊಫೆಸರ್ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಸಹಭಾಗಿತ್ವ, ಸಹಭಾಗಿತ್ವ ಎಂದು ಹೇಳುತ್ತಲೇ ಇದ್ದರು. ಒಂದು ಚಿತ್ರದಲ್ಲಿ ಕೇಂದ್ರದ ವ್ಯಾನು. ಕಿಟಕಿಯಲ್ಲಿ ಹಲ್ಲು ಬಿಟ್ಟು ನಗುತ್ತಿದ್ದವನು ಐವರ್.

ಎಮ್ಲಿನ್ ಕೆಂಪು ಕಾರ್ಡು ಎತ್ತಿದ.

ಪ್ರೊಫೆಸರ್ ನೋಡಲಿಲ್ಲ. ಚಿತ್ರ ಬದಲಾಯಿತು, ಭಾಷಣ ಮುಗಿಯಿತು, ಚಪ್ಪಾಳೆಯೂ ಆಯಿತು. ಎಮ್ಲಿನ್‌ನ ಕೈ ಮಾತ್ರ ಇಳಿದಿರಲಿಲ್ಲ. ಅಷ್ಟರಲ್ಲಿ ಫೋಟೋದವನು ಬಂದು, “ಎಲ್ಲರೂ ಹಸಿರು ಎತ್ತಿ, ಬ್ಯಾನರಿಗೂ ಹೊಂದುತ್ತೆ,” ಎಂದ. ಕೆರಿಸ್ ಗ್ಲೆನಿಸ್‌ಳ ಕಡೆ ನೋಡಿದಳು. ಎಮ್ಲಿನ್‌ನ ಕೈಯತ್ತ ಕಣ್ಣಲ್ಲೇ ತೋರಿಸಿದಳು. ಮಂಡಳಿಯವರ ಕಿವಿಗೆ ಮಾತು ಹಾಕಬೇಕಾದವಳು ಅವಳು. ಅವಳನ್ನು ಎದುರು ಹಾಕಿಕೊಳ್ಳುವುದುಂಟೇ?

“ಈಗ ಬೇಡ, ಮರಿ,” ಎಂದು ಗ್ಲೆನಿಸ್ ಅವನ ಕೈ ಇಳಿಸಿ, ಕೆಂಪನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡು ಹಸಿರನ್ನು ಬೆರಳುಗಳ ನಡುವೆ ಸಿಕ್ಕಿಸಿದಳು. ಎಮ್ಲಿನ್ ಅಕ್ಕನ ಮುಖ ನೋಡಿದ. ಆಮೇಲೆ ಹಸಿರು ಎತ್ತಿದ.

ಕೆರಿಸ್ ಕೊಟ್ಟ ಮಾತು ಉಳಿಸಿಕೊಂಡಳು, ಅದನ್ನು ಅಲ್ಲಗಳೆಯುವಂತಿಲ್ಲ. ಅಕ್ಟೋಬರಿನಲ್ಲಿ ಆರೋಗ್ಯ ಮಂಡಳಿಯಿಂದ ಕರೆ ಬಂತು. ಮೊದಲು ನರ್ಸ್ ಪರೀಕ್ಷಿಸುತ್ತಾರೆ, ಅಗತ್ಯ ಕಂಡರೆ ಡಾಕ್ಟರ ಬಳಿ ಕಳಿಸುತ್ತಾರೆ. ನರ್ಸಿನ ಕೋಣೆಯ ಗೋಡೆಯ ಮೇಲೆ ಆಳೆತ್ತರದ ಪೋಸ್ಟರು. ಅದರಲ್ಲಿ ಎಮ್ಲಿನ್, ಕೈಯಲ್ಲಿ ಹಸಿರು ಕಾರ್ಡು, ಕೆಳಗೆ ‘ನಮ್ಮ ಮಾತು ಕೇಳಿಸಿದೆ’ ಎಂಬ ಸಾಲು, ಅದರ ಕೆಳಗೆ ಮೂರು ಗುರುತು.

“ಓಹೋ, ದೊಡ್ಡ ಮನುಷ್ಯರು ಬಂದಿದಾರೆ,” ಎಂದು ನರ್ಸ್ ನಕ್ಕಳು.

“ಎಂಟು ತಿಂಗಳಿಂದ ಮಾತಿಲ್ಲ, ಸರಿಯಾಗಿ ಊಟ ಇಲ್ಲ. ಗೆಳೆಯ ಹೋಗ್ಬಿಟ್ಟ,” ಎಂದಳು ಗ್ಲೆನಿಸ್.

“ಆದ್ರೂ ಸಭೆಗೆ ಹೋಗ್ತಾರೆ, ನಾಲ್ಕು ಜನರ ಜೊತೆ ಬೆರೀತಾರೆ, ಒಪ್ಪಿಗೆ ಕೊಡ್ತಾರೆ. ನೋಡಿ, ಕಣ್ಣೆದುರಿಗೇ ಇದೆಯಲ್ಲ.” ನರ್ಸ್ ಪೋಸ್ಟರಿನತ್ತ ಪೆನ್ನು ತೋರಿಸಿದಳು. “ಖಿನ್ನತೆ ಇರೋರು ಹೀಗಿರಲ್ಲಮ್ಮ. ಇವರ ಸ್ಥಿತೀನೇ ಹೀಗೆ. ಡಾಕ್ಟರ್ ತನಕ ಹೋಗೋ ಅಗತ್ಯ ಕಾಣಲ್ಲ.”

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಇವರು ಎಂದು ಗ್ಲೆನಿಸ್‌ಗೆ ಮೈ ಉರಿಯಿತು. ತಳ್ಳುವಾಗ ಕೈ ಹಾಕಿದವಳು ತಾನೇ ಎಂಬುದು ನೆನಪಾಗಿ ಇನ್ನಷ್ಟು ಉರಿಯಿತು. ಚೀಲ ತಡಕಿದಳು. ಕೆಂಪು ಕಾರ್ಡು ಅಲ್ಲೇ ಇತ್ತು. ಎತ್ತಿ ಹಿಡಿದಳು.

“ಏನಿದು?” ಎಂದಳು ನರ್ಸ್.

“ನಿಮ್ಮದೇ ನಿಯಮ. ಕೆಂಪು ಕಂಡ್ರೆ ನಿಲ್ಲಿಸ್ಬೇಕು. ಆ ಪೋಸ್ಟರ್ ಮೇಲೆ ಮೂರನೇ ಗುರುತು ನಿಮ್ದೇ ತಾನೆ?”

“ಅದು ಬೇರೆ ವಿಭಾಗ,” ಎಂದು ನರ್ಸ್ ಕಂಪ್ಯೂಟರಿನತ್ತ ತಿರುಗಿದಳು.

ಗ್ಲೆನಿಸ್ ಕೈ ಇಳಿಸಲಿಲ್ಲ. ಆಗ ಪಕ್ಕದಿಂದ ಎಮ್ಲಿನ್‌ನ ದಪ್ಪ ಕೈ ಬಂದು ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿತು. ಕೆಂಪನ್ನು ತೆಗೆದುಕೊಂಡು ಅವಳ ಚೀಲದೊಳಗೇ ಹಾಕಿದ. ತನ್ನ ಕೋಟಿನ ಜೇಬಿನಿಂದ ಸುಕ್ಕುಗಟ್ಟಿದ ಹಸಿರು ಕಾರ್ಡು ತೆಗೆದು ಅವಳ ಬೆರಳುಗಳ ನಡುವೆ ಸಿಕ್ಕಿಸಿದ.

“ಈಗ ಬೇಡ, ಗ್ಲೆನಿಸ್,” ಎಂದ.

“ನೋಡಿದ್ರಾ, ಮಾತಾಡ್ತಾರಲ್ಲ,” ಎನ್ನುತ್ತ ನರ್ಸ್ ಅದನ್ನೂ ಬರೆದುಕೊಂಡಳು.