ಕರಿ ಹಾಲಿನ ಗಂಟು

ಅವ್ವನ ಬಲಗೈಯನ್ನು ಅಮೃತಾ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಚೊಂಬಿನಿಂದ ನೀರು ಹೊಯ್ಯುತ್ತಿದ್ದವಳು ಶಿವಲಿಂಗಮ್ಮ. ಹುಲಿಹೈದರದ ಶಾಲೆಯಲ್ಲಿ ಅವ್ವ ಮುದುಕಮ್ಮನ ಜೊತೆ ಹನ್ನೊಂದು ವರ್ಷ ಬಿಸಿಯೂಟ ಬೇಯಿಸಿದವಳು.

"ಸಾಕು ಬಿಡವಾ, ಚರ್ಮ ಕಿತ್ತು ಬರತೈತಿ. ಹಾಲಿನ ಪುಡಿ ಕಲಸೂ ಕೈ ಅದು, ಯಾವತ್ತೂ ಸ್ವಚ್ಛನ ಇತ್ತು. ನನಗೊಂದಿನ ಕಲಸಾಕ ಬಿಡಲಿಲ್ಲ. ನೀ ಕಲಸಿದ ಹಾಲು ಹುಡುಗ್ರು ಅಗದು ನುಂಗಬೇಕು ಅಂತಿದ್ಲು."

ಅಳುತ್ತಿದ್ದ ಹೆಂಗಸರು ಸೆರಗಿನಲ್ಲೇ ನಕ್ಕರು. ಅಮೃತಾ ನಗಲಿಲ್ಲ.

*

ಎರಡು ವರ್ಷ ಅವಳ ಸಂಶೋಧನೆ ಸಿಕ್ಕಿಬಿದ್ದದ್ದು ಗಂಟಿನಲ್ಲೇ. ರೇಷ್ಮೆಯ ಪ್ರೋಟೀನನ್ನು ಹೋಲುವ, ಲ್ಯಾಬಿನಲ್ಲೇ ತಯಾರಾದ ಪಾಲಿಪೆಪ್ಟೈಡ್ ದ್ರಾವಣ. ಅದರಲ್ಲಿ ಇಂಗಾಲದ ನ್ಯಾನೋಕೊಳವೆಗಳನ್ನು ಸಮನಾಗಿ ಹರಡಿ, ತೆಳ್ಳಗಿನ ಗಟ್ಟಿ ಹಾಳೆ ಮಾಡಬೇಕು. ಕಾಡಿಗೆಯಂಥ ಆ ಪುಡಿ ಪ್ರತಿ ಸಲವೂ ಒಂದಕ್ಕೊಂದು ಅಂಟಿ ಕೂರುತ್ತಿತ್ತು. ಗಂಟಿದ್ದಲ್ಲೇ ಹಾಳೆ ಹರಿಯುತ್ತಿತ್ತು.

"ಎಲ್ಲಾ ನೀರು ಒಮ್ಮಿಗೇ ಹೊಯ್ತಿ ಏನು?" ಫೋನಿನಲ್ಲಿ ಅವ್ವ ಕೇಳಿದ್ದಳು. "ಮೊದಲು ಚೂರ ನೀರಾಗ ಮುದ್ದಿ ಮಾಡಿ ತಿಕ್ಕು. ಆಮ್ಯಾಲ ತೆಳ್ಳಗ ಮಾಡು."

"ಅವ್ವಾ, ಇದು ನಿನ್ನ ಹಾಲಿನ ಪುಡಿ ಅಲ್ಲ. ನಿನಗ ತಿಳಿಯಂಗಿಲ್ಲ, ಬಿಡು."

ಹದಿನೈದು ದಿನದ ಮೇಲೆ, ಲ್ಯಾಬಿನಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಚೂರೇ ದ್ರಾವಣ ಹಾಕಿ ಪುಡಿಯನ್ನು ಮುದ್ದೆಯಾಗಿ ಅರೆದಳು. ಹಾಳೆ ನುಣ್ಣಗೆ ಬಂತು. ಹೇಗೆ ಹೊಳೆಯಿತು ಎಂದು ಗೈಡ್ ಕೇಳಿದರು.

"ಓದ್ತಾ ಓದ್ತಾ ಹೊಳೀತು ಸರ್."

ಅವ್ವನಿಗೆ ಎದುರಿಗೇ ತೋರಿಸಿದರಾಯಿತೆಂದು ಒಂದು ತುಂಡನ್ನು ಪರ್ಸಿನಲ್ಲಿಟ್ಟುಕೊಂಡಳು. ಅದಾಗಿ ಐದು ತಿಂಗಳು. ನಿನ್ನೆ ಸಂಜೆ ಅವ್ವನಿಗೆ ಎದೆನೋವು ಬಂತು, ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

*

ಹೊಸ ಸೀರೆ ಉಡಿಸಿ ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಹೆಡ್‌ಮಾಸ್ತರ ಕೊಟ್ರಬಸಪ್ಪ ಒಳಗೆ ಬಂದು ಕೈಮುಗಿದರು.

"ಮೊನ್ನೇನೂ ಕೇಳಿದ್ಲವಾ ನಿಮ್ಮವ್ವ. ನನ್ನ ಮಗಳ ಕರಿ ಹಾಲಿನ ಗಂಟು ಒಡದಾವೇನ್ರಿ, ಪೇಪರ್‌ನ್ಯಾಗ ಏನರ ಬಂದೈತೇನ್ರಿ, ಅಂತ. ದಿನಾ ಇದ ಮಾತು. ಒಡದ್ವಾ?"

"ಒಡದಾವ್ರಿ ಸರ್." ಅಮೃತಾ ಅವ್ವನ ಸೆರಗು ಸರಿಮಾಡಿದಳು. "ಅವ್ವ ಹೇಳಿದಂಗ ಮಾಡೀನ್ರಿ."

"ಆಕಿಗೆ ಹೇಳಿದ್ಯಾ?" ಶಿವಲಿಂಗಮ್ಮ ಕೇಳಿದಳು.

ಅಮೃತಾ ಪರ್ಸು ತೆಗೆದಳು. ಉಗುರಗಲದ ಕರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಲ್ಲೂ ಗಂಟಿರಲಿಲ್ಲ. ಅದನ್ನು ಅವ್ವನ ಅಂಗೈಯಲ್ಲಿಟ್ಟು ಬೆರಳು ಮಡಚಲು ನೋಡಿದಳು. ಬೆರಳು ಸೆಟೆದಿದ್ದವು.

"ಹೊತ್ತಾತು, ಎತ್ರಿ," ಹೊರಗಿನಿಂದ ಯಾರೋ ಕೂಗಿದರು.

ಫ್ಯಾನಿನ ಗಾಳಿಗೆ ಹಾಳೆ ಅಂಗೈ ಮೇಲೆ ಮಿಸುಕಿತು. ಹಾರಿಹೋಗದಂತೆ ಅಮೃತಾ ತನ್ನ ಕೈಯನ್ನೇ ಅದರ ಮೇಲೆ ಮುಚ್ಚಿ ಕೂತಳು.