ಶಾಯಿ ಕರಗುವ ತನಕ

ಬೆಣ್ಣೆ ಇನ್ನೇನು ಕೂಡಿಕೊಳ್ಳಬೇಕು, ಅಷ್ಟರಲ್ಲಿ ಯಾರೋ ಕದ ಬಡಿದರು. ಮೆಹಿಟಬೆಲ್ ಕಡೆಯುವುದನ್ನು ಬಿಟ್ಟು ಎದ್ದಳು. ಹೊರಗೆ ಊರಿನ ಕಾನ್‌ಸ್ಟೇಬಲ್ ಎಲಿಯಾಕಿಮ್, ಗಡ್ಡದ ತುಂಬ ಹಿಮ.

“ಜಡ್ಜ್ ಸಾಹೇಬ್ರು ಎದ್ದಿದಾರಾ ಅಮ್ಮಾ? ಒಂದು ರುಜು ಬೇಕಿತ್ತು. ಡಾರ್ಕಸ್‌ನ ಗುಡ್ಡದಾಚೆ ಸಾಗಿಸ್ಬೇಕಂತೆ.”

“ಈ ಚಳೀಲಾ? ಎದೆನೋವು ಅಂತ ಮಲಗಿರೋಳನ್ನಾ?”

“ನನ್ನನ್ಯಾಕೆ ಬೈತೀರಾ? ಹೋಗೋಕೆ ನನಗೂ ಇಷ್ಟ ಇಲ್ಲ, ನನ್ನ ಕುದುರೆಗೂ ಇಲ್ಲ.”

ವರ್ಮಾಂಟ್ ರಾಜ್ಯದ ಊರುಗಳಲ್ಲಿ ಆ ಕಾಲಕ್ಕೆ ಹಾಗೆಯೇ. ಹೊರಗಿನಿಂದ ಬಂದವರು ದುಡಿಯುವಷ್ಟು ದಿನ ಊರಿನವರು. ಹಾಸಿಗೆ ಹಿಡಿದ ವಿಧವೆ ಸತ್ತ ಗಂಡನ ಹುಟ್ಟೂರಿನವಳು; ಸಾಕುವ ಖರ್ಚು ಆ ಊರಿನದೆಂದು ಅಲ್ಲಿಗೆ ಸಾಗಹಾಕುವುದು. ನೇಯ್ಗೆಯ ಡಾರ್ಕಸ್ ಆ ಊರನ್ನು ಕಂಡೇ ಇರಲಿಲ್ಲ. ಮೆಹಿಟಬೆಲ್ ಬಾಣಂತಿ ಜ್ವರದಲ್ಲಿ ಬಿದ್ದಿದ್ದಾಗ, ತನ್ನ ಕೂಸನ್ನು ಮಣ್ಣಿಗಿಟ್ಟು ಬಂದು ಇವಳ ಪುಟ್ಟ ಮಗಳು ಎಲೆಕ್ಟಾಳಿಗೆ ಮೊಲೆಯೂಡಿದವಳು ಅವಳು.

ಮೆಹಿಟಬೆಲಳ ಗಂಡ ಅಸಾಹೆಲ್ ಒಳಕೋಣೆಯಿಂದ ಹೊರಬಂದ. ವಕೀಲನಾಗಿದ್ದಾಗ ಹೀಗೆ ಬಡವರನ್ನು ಸಾಗಿಸುತ್ತಿದ್ದ ಒಂದು ಬಂಡಿಯನ್ನು ದಾರಿಯಲ್ಲೇ ತಡೆದು, ಕೋರ್ಟಿನಲ್ಲಿ ವಾದಿಸಿ, ಒಬ್ಬ ಮುದುಕನನ್ನು ಊರಿನಲ್ಲೇ ಉಳಿಸಿದ್ದವನು. ಆ ಹೆಸರೇ ಅವನನ್ನು ಶಾಸನಸಭೆಗೆ ಕಳಿಸಿತು. ಅಲ್ಲಿ, ಬಡವರ ಭಾರ ಬೇಡವೆಂದ ಊರುಗಳಿಗೆ ಮಣಿದು, ಇಂಥ ಆಜ್ಞೆಗೆ ಜಡ್ಜ್ ತಡೆ ಕೊಡಕೂಡದೆಂಬ ಕಾನೂನನ್ನು ತಾನೇ ಬರೆದ. ಈಗ ತಾನೇ ಜಡ್ಜ್.

“ಹಿಮ ಕರಗೋವರೆಗಾದ್ರೂ ತಡೀರಿ ಅಂತ ಬರೀರಿ,” ಎಂದಳು ಮೆಹಿಟಬೆಲ್.

“ಕಾನೂನಲ್ಲಿ ಅದಕ್ಕೆ ಜಾಗ ಇಲ್ಲ ಕಣೇ.”

“ಹಾಗಾದ್ರೆ ರುಜು ಹಾಕ್ಬೇಡಿ.”

“ನಾನು ಹಾಕದಿದ್ರೆ ಪಕ್ಕದೂರಿನವನು ಹಾಕ್ತಾನೆ.”

ಕುಡಿಕೆಯಲ್ಲಿ ಶಾಯಿ ಹೆಪ್ಪುಗಟ್ಟಿತ್ತು. ಅಸಾಹೆಲ್ ಅದನ್ನು ಒಲೆಯ ಪಕ್ಕದಲ್ಲಿಟ್ಟು ಕಾದ. ಕರಗದಿರಲಪ್ಪಾ ಎಂದು ಮೆಹಿಟಬೆಲ್ ಬೇಡಿಕೊಂಡಳು. ಎಲೆಕ್ಟಾ ಒಲೆಯ ಮುಂದೆ ಕೂತು ಒಮ್ಮೆ ಕುಡಿಕೆಯನ್ನು, ಒಮ್ಮೆ ಅಪ್ಪನನ್ನು ನೋಡುತ್ತಿದ್ದಳು. ಏನೋ ಕೇಳಲು ಬಾಯಿ ತೆರೆದವಳು ಅಮ್ಮನ ಮುಖ ನೋಡಿ ಸುಮ್ಮನಾದಳು.

ಶಾಯಿ ಕರಗಿತು.

ಜಾರುಬಂಡಿ ಮನೆಮುಂದೆ ನಿಂತಾಗ ಮೆಹಿಟಬೆಲ್ ತನ್ನ ಹಾಸಿಗೆಯ ಕೌದಿಯನ್ನೇ ತಂದು ಡಾರ್ಕಸಳಿಗೆ ಹೊದಿಸಿದಳು. ಡಾರ್ಕಸಳ ತುಟಿ ನೀಲಿಗಟ್ಟಿತ್ತು.

“ಬೆಣ್ಣೆ ಅರ್ಧಕ್ಕೆ ಬಿಟ್ಟು ಬಂದ್ಯಾ? ಕೈಯೆಲ್ಲ ಮಜ್ಜಿಗೆ. ಹೋಗೇ, ಕೆಟ್ಟುಹೋಗತ್ತೆ,” ಎಂದಳು. ಅಮ್ಮನ ಪಕ್ಕಕ್ಕೆ ಬಂದು ನಿಂತಿದ್ದ ಎಲೆಕ್ಟಾಳ ಕೆನ್ನೆ ಮುಟ್ಟಲು ಕೈ ಎತ್ತಿದಳು. ಅಷ್ಟರಲ್ಲಿ ಬಂಡಿ ಹೊರಟಿತ್ತು. ಗುಡ್ಡ ದಾಟುವವರೆಗೆ ಆ ಜೀವ ಉಳಿಯದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಸಾಹೆಲ್ ಹೊಸ್ತಿಲಲ್ಲೇ ನಿಂತಿದ್ದ. “ಕಾನೂನು ಹಾಗಿದೆ, ನಾನೇನು ಮಾಡ್ಲಿ,” ಎಂದ, ಯಾರೂ ಕೇಳದಿದ್ದರೂ.

ಈ ಸಲ ಎಲೆಕ್ಟಾ ಅಮ್ಮನ ಮುಖ ನೋಡಲಿಲ್ಲ.

“ಆ ಕಾನೂನು ಬರೆದಿದ್ದು ಯಾರಪ್ಪಾ?”